ಬಯಾಪ್ಸಿ ಇಲ್ಲದ ಕಾಲದಲ್ಲಿ ಸ್ತನ ಕಳೆದುಕೊಂಡ ಕಾದಂಬರಿಕಾರ್ತಿ

ಸ್ತನದಲ್ಲಿ ಗಂಟು ಸಿಕ್ಕರೆ ಕೂಡಲೇ ಆಪರೇಷನ್ ಮಾಡಿಸಿ ತೆಗೆಸಿಬಿಡಿ, ಸೂಜಿ ಮಾತ್ರ ಚುಚ್ಚಿಸಬೇಡಿ, ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬರ್ಥದ ಸಂದೇಶಗಳು ವಾಟ್ಸಾಪ್ ಗ್ರೂಪ್‌ಗಳಲ್ಲಿ ಆಗಾಗ ಹರಿದಾಡುತ್ತವೆ. ನಿಮಗೂ ಬಂದಿರಬಹುದು. ಅದನ್ನು ಇನ್ನೊಬ್ಬರಿಗೆ ಕಳಿಸುವ ಮುನ್ನ, ಸೂಜಿ ಪರೀಕ್ಷೆಯೇ ಇಲ್ಲದ ಕಾಲದಲ್ಲಿ ಗಂಟು ಕಾಣಿಸಿಕೊಂಡ ಒಬ್ಬ ಹೆಣ್ಣುಮಗಳ ಕಥೆ ಓದಿ.

ಆಕೆ ಫ್ಯಾನಿ ಬರ್ನಿ. ಹುಟ್ಟಿದ್ದು 1752ರಲ್ಲಿ, ಇಂಗ್ಲೆಂಡಿನ ಕಿಂಗ್ಸ್ ಲಿನ್ ಎಂಬ ಊರಿನಲ್ಲಿ. ತಂದೆ ಚಾರ್ಲ್ಸ್ ಬರ್ನಿ ಹೆಸರಾಂತ ಸಂಗೀತಗಾರ. 25ನೇ ವಯಸ್ಸಿನಲ್ಲಿ, 1778ರಲ್ಲಿ, ತನ್ನ ಹೆಸರು ಹಾಕದೆ 'ಎವೆಲಿನಾ' ಎಂಬ ಕಾದಂಬರಿ ಪ್ರಕಟಿಸಿದಳು. ಅದು ಲಂಡನ್ನಿನಲ್ಲಿ ಮನೆಮಾತಾಯಿತು. ಮುಂದೆ ಜೇನ್ ಆಸ್ಟಿನ್ ಮೆಚ್ಚಿ ಓದಿದ್ದು ಈಕೆಯ ಕಾದಂಬರಿಗಳನ್ನೇ. 1786ರಿಂದ ಐದು ವರ್ಷ ರಾಣಿ ಶಾರ್ಲೆಟ್‌ಳ ಉಡುಪು ನೋಡಿಕೊಳ್ಳುವ ಅರಮನೆ ಕೆಲಸ. 1793ರಲ್ಲಿ ಫ್ರಾನ್ಸಿನಿಂದ ಬಂದಿದ್ದ ಸೇನಾಧಿಕಾರಿ ದಾರ್ಬ್ಲೆಯ ಜೊತೆ ಮದುವೆ, ಮರುವರ್ಷ ಮಗ. 1802ರಲ್ಲಿ ಗಂಡನ ದೇಶಕ್ಕೆ ಹೋದಳು. ಮರುವರ್ಷವೇ ಎರಡೂ ದೇಶಗಳ ನಡುವೆ ಯುದ್ಧ ಶುರುವಾಗಿ, ತವರಿನ ದಾರಿ ಸುಮಾರು ಒಂಬತ್ತು ವರ್ಷ ಮುಚ್ಚಿಹೋಯಿತು.

1810ರ ಹೊತ್ತಿಗೆ ಬಲ ಸ್ತನದಲ್ಲಿ ನೋವು ಕಾಣಿಸಿಕೊಂಡಿತು. ಮೊದಲು ಆಕೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೊನೆಗೆ ಬಂದು ನೋಡಿದವರು ಪ್ಯಾರಿಸ್ಸಿನ ಘಟಾನುಘಟಿ ವೈದ್ಯರು. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆ ಅವರಲ್ಲೊಬ್ಬ, ಚಕ್ರವರ್ತಿನಿಯ ಹೆರಿಗೆ ವೈದ್ಯ ದ್ಯುಬ್ವಾ ಇನ್ನೊಬ್ಬ. ಆದರೆ ಎಷ್ಟೇ ದೊಡ್ಡವರಾದರೂ ಅವರ ಬಳಿ ಇದ್ದದ್ದು ಕಣ್ಣು ಮತ್ತು ಬೆರಳು ಅಷ್ಟೇ. ಗಂಟಿನ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವ ಪದ್ಧತಿ ಇನ್ನೂ ಬಂದಿರಲಿಲ್ಲ.

1811ರ ಸೆಪ್ಟೆಂಬರ್ 30. ಇವತ್ತೇ ಆಪರೇಷನ್ ಎಂದು ಬೆಳಗ್ಗೆಯಷ್ಟೇ ಆಕೆಗೆ ಗೊತ್ತಾಯಿತು. ಗಂಡ ನೋಡಬಾರದೆಂದು ಅವನು ಮನೆಯಲ್ಲಿರದಂತೆ ಏರ್ಪಾಡು ಮಾಡಿದಳು. ಕಪ್ಪು ಬಟ್ಟೆ ತೊಟ್ಟ ಏಳು ಗಂಡಸರು ಕೋಣೆಗೆ ಬಂದರು. ಅರಿವಳಿಕೆ ಬರಲು ಇನ್ನೂ 35 ವರ್ಷ ಇತ್ತು. ಕುಡಿಯಲು ಕೊಟ್ಟದ್ದು ಸ್ವಲ್ಪ ವೈನ್ ಬೆರೆತ ಪಾನೀಯ. ಮುಖದ ಮೇಲೆ ಹೊದಿಸಿದ ಕರವಸ್ತ್ರ ಎಷ್ಟು ತೆಳುವಾಗಿತ್ತೆಂದರೆ ಅದರೊಳಗಿಂದಲೇ ಚಾಕುವಿನ ಹೊಳಪು ಕಾಣುತ್ತಿತ್ತು. ದ್ಯುಬ್ವಾ ತನ್ನ ಬೆರಳಿನಿಂದ ಗಾಳಿಯಲ್ಲಿ ಒಂದು ಶಿಲುಬೆ, ಒಂದು ವೃತ್ತ ಬರೆದ. ಇಡೀ ಸ್ತನ ತೆಗೆಯಬೇಕು ಎಂಬುದು ಅದರ ಅರ್ಥ. ಫ್ಯಾನಿ ದಡಕ್ಕನೆ ಎದ್ದು, ನೋವಿರುವುದು ಒಂದೇ ಜಾಗದಲ್ಲಿ ಎಂದು ವಿವರಿಸಿದಳು. ಅವರು ತಾಳ್ಮೆಯಿಂದ ಕೇಳಿಸಿಕೊಂಡರು, ಮತ್ತೆ ಮಲಗಿಸಿದರು. ಬೆರಳು ಮತ್ತೆ ಅದೇ ಶಿಲುಬೆ, ಅದೇ ವೃತ್ತ ಬರೆಯಿತು. ಪ್ರಜ್ಞೆ ಇದ್ದಂತೆಯೇ ನಡೆದ ಆಪರೇಷನ್, ಪಟ್ಟಿ ಕಟ್ಟುವುದೂ ಸೇರಿ, ಇಪ್ಪತ್ತು ನಿಮಿಷ ಹಿಡಿಯಿತು. ನಡುವೆ ಎರಡು ಬಾರಿ ಆಕೆ ಮೂರ್ಛೆ ಹೋದಳು.

ಅದು ಕ್ಯಾನ್ಸರ್ ಆಗಿತ್ತೇ? ವೈದ್ಯರು ಹೌದೆಂದೇ ನಂಬಿದ್ದರು. ಆದರೆ ಆಕೆ ಆಮೇಲೆ 28 ವರ್ಷ ಬದುಕಿದ್ದರಿಂದ, ಅದು ಕ್ಯಾನ್ಸರ್ ಅಲ್ಲದ ಗಂಟೂ ಆಗಿದ್ದಿರಬಹುದು ಎನ್ನುವವರಿದ್ದಾರೆ. ಕೋಶಗಳನ್ನು ಯಾರೂ ನೋಡಿಲ್ಲವಾದ್ದರಿಂದ ಈ ವಾದ ಮುಗಿಯುವಂಥದ್ದಲ್ಲ.

ಇವತ್ತು ಆ ಬೆರಳಿನ ಜಾಗದಲ್ಲಿರುವುದು ಬಯಾಪ್ಸಿ. ಸೂಜಿಯಿಂದ ತೆಳ್ಳನೆಯ ಕೆಲವು ತುಣುಕು ತೆಗೆದು ಪರೀಕ್ಷಿಸುತ್ತಾರೆ. ಇದರಿಂದ ರೋಗಿಯ ಆಯುಷ್ಯ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ವರದಿಯಲ್ಲಿ ಫೈಬ್ರೊಅಡಿನೋಮಾ ಎಂದು ಬಂದರೆ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ಏಟಿಪಿಕಲ್ ಡಕ್ಟಲ್ ಹೈಪರ್‌ಪ್ಲೇಸಿಯಾ ಎಂದಿದ್ದರೆ ಅದು ಕ್ಯಾನ್ಸರ್ ಅಲ್ಲದಿದ್ದರೂ ಸಾಮಾನ್ಯವಾಗಿ ಆ ಭಾಗವನ್ನಷ್ಟೇ ತೆಗೆಯಲು ಹೇಳುತ್ತಾರೆ. ಸೂಜಿಗೆ ಸಿಕ್ಕಿದ್ದು ಚೂರು ಮಾತ್ರ, ಪಕ್ಕದಲ್ಲೇ ಕ್ಯಾನ್ಸರ್ ಅಡಗಿರುವ ಸಾಧ್ಯತೆ ಇರುತ್ತದೆ ಎಂಬುದು ಕಾರಣ. ಲೋಬ್ಯುಲರ್ ಕಾರ್ಸಿನೋಮಾ ಇನ್ ಸಿಟು ಎಂಬುದಂತೂ ಹೆಸರಿನಿಂದಲೇ ಹೆದರಿಸುತ್ತದೆ, ಆದರೆ ಅದರ ಸಾಮಾನ್ಯ ಬಗೆಯನ್ನು ಕ್ಯಾನ್ಸರ್ ಎಂದು ಪರಿಗಣಿಸುವುದಿಲ್ಲ. ಮುಂದೆ ಕ್ಯಾನ್ಸರ್ ಬರುವ ಅಪಾಯ ಹೆಚ್ಚು ಎಂಬ ಸೂಚನೆ ಅದು. ಅನೇಕರಿಗೆ ಕತ್ತರಿ ಹಾಕದೆ ನಿಗಾದಲ್ಲಿ ಇಡುತ್ತಾರೆ. ಇನ್ನೊಂದು ಮುಖ್ಯ ವಿಷಯ, ನಾನು ಕಂಡಂತೆ ಫಾರ್ವರ್ಡ್‌ಗಳಲ್ಲಿ ಇರುವುದೇ ಇಲ್ಲ: ಮ್ಯಾಮೊಗ್ರಾಮ್ ಅನುಮಾನ ಹುಟ್ಟಿಸುವಂತಿದ್ದು ಬಯಾಪ್ಸಿಯಲ್ಲಿ ಏನೂ ಸಿಗದಿದ್ದರೆ ಖುಷಿಯಾಗಿ ಮನೆಗೆ ಹೋಗುವಂತಿಲ್ಲ. ಎರಡೂ ತಾಳೆಯಾಗಬೇಕು. ಆಗದಿದ್ದರೆ ಮತ್ತೊಮ್ಮೆ ಬಯಾಪ್ಸಿ, ಇಲ್ಲವೇ ಆ ಭಾಗ ತೆಗೆದು ಪರೀಕ್ಷೆ. ನಾನು ವೈದ್ಯೆಯಲ್ಲ, ನಿಮ್ಮ ವರದಿಯಲ್ಲಿ ಈ ಪದಗಳಿದ್ದರೆ ಅದನ್ನು ಹಿಡಿದುಕೊಂಡು ಸ್ತನ ತಜ್ಞರ ಬಳಿಗೇ ಹೋಗಿ.

ಫ್ಯಾನಿ ಗುಣವಾಗಿ 1812ರಲ್ಲಿ ಮಗನೊಡನೆ ಇಂಗ್ಲೆಂಡಿಗೆ ಮರಳಿದಳು, 1814ರಲ್ಲಿ ಇನ್ನೊಂದು ಕಾದಂಬರಿ ತಂದಳು. ಗಂಡ 1818ರಲ್ಲಿ, ಮಗ 1837ರಲ್ಲಿ ತೀರಿಕೊಂಡರು. ಆಕೆ ಸತ್ತದ್ದು 1840ರ ಜನವರಿಯಲ್ಲಿ, 87ನೇ ವಯಸ್ಸಿನಲ್ಲಿ. ಆ ದಿನದ ವಿವರವೆಲ್ಲ ನಮಗೆ ಸಿಕ್ಕಿರುವುದು ಆಕೆ ಅಕ್ಕ ಎಸ್ತರ್‌ಗೆ ಬರೆದ ಪತ್ರದಿಂದ. ಬೇರೆಯವರ ಬಾಯಿಂದ ಸುದ್ದಿ ಕೇಳಿದರೆ ತಾನು ಪೂರ್ತಿ ಗುಣವಾದದ್ದನ್ನು ಮನೆಯವರು ನಂಬಲಿಕ್ಕಿಲ್ಲ ಎಂದು ತಾನೇ ಬರೆದಳು, ಅದೂ ನಿಲ್ಲಿಸಿ ನಿಲ್ಲಿಸಿ, ತಿಂಗಳುಗಟ್ಟಲೆ. ಆ ಪತ್ರ ಈಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿದೆ.