ಬೇಡರ ನಾಯಿಗೆ ಹೆಸರು ತಂದ ರಾಜ

ಅಲಾಸ್ಕಾದ ಹಿಮದಲ್ಲಿ ನೂರಾರು ಮೈಲಿ ಜಾರುಬಂಡಿ ಎಳೆದು ಓಡುವ ನಾಯಿಗಳನ್ನು ಮೊಬೈಲ್‌ನಲ್ಲಿ ನೋಡಿ ಬೆರಗಾಗುತ್ತೇವೆ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಓಟಕ್ಕೆ ಹೆಸರಾದ ನಾಯಿಯೊಂದಿದೆ. ಅದನ್ನು ಹೊರಜಗತ್ತಿಗೆ ಪರಿಚಯಿಸಿದವರು ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ.

1900ರಲ್ಲಿ, ಇನ್ನೂ ಹದಿಹರೆಯದಲ್ಲೇ, ಅವರು ಗಾದಿಗೆ ಬಂದರು. ಆಗ ಅನೇಕ ಅರಸರಿಗೆ ವಿಲಾಯಿತಿ ನಾಯಿ ಸಾಕುವುದೇ ದೊಡ್ಡಸ್ತಿಕೆ. ಮಾಲೋಜಿರಾವ್ ಅವರ ಕಣ್ಣು ಬಿದ್ದದ್ದು ಬೇಡರು ಬೇಟೆಗೆ ಒಯ್ಯುತ್ತಿದ್ದ ನಾಯಿಗಳ ಮೇಲೆ. ತೆಳ್ಳನೆಯ ಮೈ, ಉದ್ದ ಕಾಲು, ಆಳವಾದ ಎದೆ, ನಮ್ಮ ಬಿಸಿಲಿಗೆ ಒಗ್ಗುವ ಗಿಡ್ಡ ಕೂದಲು. ದೂರದ ಬೇಟೆಯನ್ನು ಕಣ್ಣಿನಿಂದಲೇ ಗುರುತಿಸಿ ಬೆನ್ನಟ್ಟುವ ತಳಿಯದು. ಕಂಡಕಂಡ ನಾಯಿಗಳೊಡನೆ ಬೆರೆತರೆ ಈ ಗುಣ ಉಳಿಯದು. ಅದಕ್ಕೇ ಅವರು ಒಳ್ಳೆಯವನ್ನು ಆರಿಸಿ, ಸಾಕಿ, ತಳಿ ಬೆಳೆಸಿದರು. ಇಂಗ್ಲೆಂಡಿಗೆ ಹೋದಾಗ ಐದನೇ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರು. ಊರಿನ ಹೆಸರೇ ನಾಯಿಯ ಹೆಸರಾಯಿತು.

1937ರಲ್ಲಿ ಅವರ ಆಳ್ವಿಕೆ ಮುಗಿಯಿತು. 1948ರಲ್ಲಿ ಸಂಸ್ಥಾನವೇ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು. ನಾಯಿ ಮಾತ್ರ ಉಳಿಯಿತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. 2016ರಲ್ಲಿ ಸೇನೆಯ ತರಬೇತಿಗೆಂದು ಮೀರತ್‌ಗೆ ಹೋಯಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಇಂದು ಶ್ವಾನ ಸಂಶೋಧನಾ ಕೇಂದ್ರವಿದೆ. ಸುತ್ತಲಿನ ಹಳ್ಳಿಗಳಲ್ಲಿ ಮರಿ ಸಾಕಿ ಮಾರಿ ಸಂಸಾರ ನಡೆಸುವವರಿದ್ದಾರೆ.

ತಲೆಮಾರುಗಳಿಂದ ಈ ನಾಯಿಯನ್ನು ಉಳಿಸಿಕೊಂಡು ಬಂದವರು ಬೇಡರು. ಅದರ ಬೆಲೆ ಗುರುತಿಸಿದವರು ರಾಜ. ಕೆಲಸ ಹುಡುಕಿ ಬೆಂಗಳೂರು, ಪುಣೆಯ ಬಸ್ಸು ಹತ್ತುವ ಮುನ್ನ ನಮ್ಮೂರಲ್ಲಿ ಏನಿದೆ ಎಂದು ಒಮ್ಮೆ ಕಣ್ಣರಳಿಸಿ ನೋಡುವುದನ್ನು ನಾವು ಅವರಿಂದ ಕಲಿಯಬಹುದು.