ಜಯಚಾಮರಾಜ ಒಡೆಯರ್

ಜಯಚಾಮರಾಜ ಒಡೆಯರ್ (ಜುಲೈ 18, 1919 – ಸೆಪ್ಟೆಂಬರ್ 23, 1974) ಮೈಸೂರು ಸಂಸ್ಥಾನದ ಕೊನೆಯ ಮಹಾರಾಜರು. 1940ರಲ್ಲಿ ಪಟ್ಟಕ್ಕೆ ಬಂದ ಅವರು ಸ್ವಾತಂತ್ರ್ಯಾನಂತರ ಮೈಸೂರು ರಾಜ್ಯದ ರಾಜಪ್ರಮುಖರಾಗಿ, ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. ಕರ್ನಾಟಕ ಸಂಗೀತದ ವಾಗ್ಗೇಯಕಾರರೆಂದು ಕನ್ನಡಿಗರಿಗೆ ಪರಿಚಿತರಾದ ಇವರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪೋಷಕರೂ ಆಗಿದ್ದರು. ಬೋಲ್ಶೆವಿಕ್ ಕ್ರಾಂತಿಯ ನಂತರ ರಷ್ಯಾ ತೊರೆದು ಲಂಡನ್ನಿನಲ್ಲಿ ನೆಲೆಸಿದ್ದ ಸಂಯೋಜಕ ನಿಕೊಲಾಯ್ ಮೆಡ್ಟ್ನರ್ ಅವರ ಕೃತಿಗಳು ಸಂಯೋಜಕರದೇ ವಾದನದಲ್ಲಿ ಧ್ವನಿಮುದ್ರಣಗೊಂಡು ಉಳಿದದ್ದು ಇವರ ಧನಸಹಾಯದಿಂದ.

ಜನನ ಮತ್ತು ಶಿಕ್ಷಣ

ಜಯಚಾಮರಾಜರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಮತ್ತು ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿಯವರ ಏಕೈಕ ಪುತ್ರರಾಗಿ ಮೈಸೂರಿನಲ್ಲಿ ಜನಿಸಿದರು. ಆಗ ಸಂಸ್ಥಾನವನ್ನು ಆಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ್ ಇವರ ದೊಡ್ಡಪ್ಪ. 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಪದವಿ ಪಡೆದರು. ಬಾಲ್ಯದಿಂದಲೇ ಪಿಯಾನೋ ಅಭ್ಯಾಸ ನಡೆದಿತ್ತು. ಮುಂದೆ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯೂ, 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋಶಿಪ್ಪೂ ಅವರಿಗೆ ದೊರೆತವು.

ವೇದಿಕೆಯ ಪಿಯಾನೋ ವಾದಕನಾಗಬೇಕೆಂಬುದು ಅವರ ಆಸೆಯಾಗಿತ್ತು. ಅದು ಕೈಗೂಡಲಿಲ್ಲ. 1940ರ ಮಾರ್ಚ್‌ನಲ್ಲಿ ತಂದೆಯವರೂ, ಅದೇ ಆಗಸ್ಟ್ 3ರಂದು ನಾಲ್ವಡಿಯವರೂ ತೀರಿಕೊಂಡರು. ಸೆಪ್ಟೆಂಬರ್ 8ರಂದು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಜಯಚಾಮರಾಜರು ಸಿಂಹಾಸನವೇರಿದರು. ಸಂಗೀತವನ್ನು ತಾವೇ ನುಡಿಸುವ ಬದಲು ಇತರರು ನುಡಿಸಲು ಅನುಕೂಲ ಮಾಡಿಕೊಡುವುದು ಅಲ್ಲಿಂದ ಮುಂದೆ ಅವರ ಪಾಲಿಗೆ ಉಳಿದ ದಾರಿಯಾಯಿತು.

ಮೆಡ್ಟ್ನರ್ ಮತ್ತು ಮೈಸೂರು

ಮೆಡ್ಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಜನಿಸಿ, ಅಲ್ಲಿನ ಕನ್ಸರ್ವೇಟರಿಯಲ್ಲಿ ಕಲಿತವರು. ರಾಖ್ಮನಿನೊವ್ ಅವರ ಆಪ್ತ ಸ್ನೇಹಿತರು. 1921ರಲ್ಲಿ ಸೋವಿಯತ್ ರಷ್ಯಾ ತೊರೆದ ಅವರು ಜರ್ಮನಿ, ಫ್ರಾನ್ಸ್‌ಗಳಲ್ಲಿದ್ದು, 1930ರ ದಶಕದ ಮಧ್ಯದಲ್ಲಿ ಲಂಡನ್ ಸೇರಿದರು. 1927ರ ಕಛೇರಿ ಪ್ರವಾಸ ಬಿಟ್ಟರೆ ಮತ್ತೆ ತಾಯ್ನಾಡನ್ನು ಕಾಣಲಿಲ್ಲ. ಅವರ ಸ್ಥಿತಿ ಎರಡು ಕಡೆಯಿಂದಲೂ ಇಕ್ಕಟ್ಟಿನದಾಗಿತ್ತು. ಹೊಸ ರಷ್ಯಾಕ್ಕೆ ಅವರು ದೇಶ ಬಿಟ್ಟವರು. ಆಧುನಿಕ ಪ್ರಯೋಗಗಳನ್ನು ಒಪ್ಪದ ಅವರ ಸಂಗೀತ ಪಶ್ಚಿಮ ಯುರೋಪಿಗೆ ಹಳೆಯ ಕಾಲದ್ದು. ಎರಡನೆಯ ಮಹಾಯುದ್ಧ ಆರಂಭವಾದಾಗ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ವರಮಾನವೂ ನಿಂತಿತು. 1942ರಲ್ಲಿ ಹೃದಯಾಘಾತವಾಯಿತು.

ಇಂತಹ ವೇಳೆಯಲ್ಲಿ ನೆರವು ಬಂದದ್ದು ಮೈಸೂರಿನಿಂದ. ಮಹಾಯುದ್ಧ ಮುಗಿದ ಬಳಿಕ ಜಯಚಾಮರಾಜರ ಧನಸಹಾಯದಿಂದ ಲಂಡನ್ನಿನಲ್ಲಿ ಮೆಡ್ಟ್ನರ್ ಸೊಸೈಟಿ ಸ್ಥಾಪನೆಯಾಯಿತು. ಸಂಯೋಜಕರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಎಚ್‌.ಎಂ.ವಿ. ಕಂಪನಿಯ ಮೂಲಕ ಧ್ವನಿಮುದ್ರಿಸುವುದು ಇದರ ಉದ್ದೇಶ. ಮೂರು ಪಿಯಾನೋ ಕನ್ಚರ್ಟೋಗಳು, ಸೊನಾಟಾಗಳು, ಕಿರುಕೃತಿಗಳು ಹಾಗೂ ಹಾಡುಗಳು ಹೀಗೆ ದಾಖಲಾದವು. ಕೆಲವು ಹಾಡುಗಳನ್ನು ಗಾಯಕಿ ಎಲಿಜಬೆತ್ ಶ್ವಾರ್ಜ್‌ಕಾಫ್ ಹಾಡಿದ್ದಾರೆ. ಕೃತಜ್ಞತೆಯಿಂದ ಮೆಡ್ಟ್ನರ್ ತಮ್ಮ ಮೂರನೆಯ ಕನ್ಚರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರ್ 13ರಂದು ಅವರು ಲಂಡನ್ನಿನಲ್ಲಿ ನಿಧನರಾದರು. ಈ ಕಾರ್ಯ ಕೆಲವೇ ವರ್ಷ ತಡವಾಗಿದ್ದರೆ ದಾಖಲಿಸಲು ಸಂಯೋಜಕರೇ ಇರುತ್ತಿರಲಿಲ್ಲ.

ಫಿಲ್‌ಹಾರ್ಮೋನಿಯಾ

ಜಯಚಾಮರಾಜರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಸ್ಥಾಪಕ ವಾಲ್ಟರ್ ಲೆಗ್ ಅವರು ಮಹಾರಾಜರ ಆಹ್ವಾನದ ಮೇರೆಗೆ ಮೈಸೂರಿಗೆ ಬಂದು ಅರಮನೆಯ ಧ್ವನಿಮುದ್ರಿಕೆಗಳ ದೊಡ್ಡ ಸಂಗ್ರಹವನ್ನು ಕಂಡಿದ್ದರು. ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡ್ ನೆರವಿನ ಒಪ್ಪಂದವಾಯಿತು. ಅಪರೂಪಕ್ಕೆ ಕೇಳಸಿಗುವ ಕೃತಿಗಳ ಧ್ವನಿಮುದ್ರಣಕ್ಕೂ ಇದರಿಂದ ಅವಕಾಶ ದೊರೆಯಿತು. 1949ರಲ್ಲಿ ಕರಾಯನ್ ನಿರ್ದೇಶಿಸಿದ ಬಾಲಾಕಿರೆವ್ ಅವರ ಮೊದಲ ಸಿಂಫನಿ ಇವುಗಳಲ್ಲೊಂದು.

ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಾಗ ಅದರ ಖರ್ಚಿನ ಹೊಣೆ ಹೊತ್ತವರೂ ಇವರೇ. ಮಹಾರಾಜರು ಸ್ವತಃ ಹಾಜರಿರಲಿಲ್ಲ. ಕಛೇರಿಯನ್ನು ಮುದ್ರಿಸಿ ಅವರಿಗಾಗಿ ಮೈಸೂರಿಗೆ ಕಳುಹಿಸಲಾಯಿತು.

ಕರ್ನಾಟಕ ಸಂಗೀತ

ವೀಣೆ ವೆಂಕಟಗಿರಿಯಪ್ಪನವರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಸಿಸಿದ ಜಯಚಾಮರಾಜರು ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು. ಶ್ರೀವಿದ್ಯೋಪಾಸಕರಾಗಿದ್ದುದರಿಂದ ಇವರ ಅಂಕಿತ 'ಶ್ರೀವಿದ್ಯಾ'. ಮೈಸೂರು ವಾಸುದೇವಾಚಾರ್ಯರು ಇವರ ಆಸ್ಥಾನ ವಿದ್ವಾಂಸರಲ್ಲೊಬ್ಬರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ಇವರಿಗೆ ಫೆಲೋಶಿಪ್ ನೀಡಿ ಗೌರವಿಸಿತು. ಸಂಸ್ಕೃತ ಗ್ರಂಥಗಳನ್ನು ಕನ್ನಡಕ್ಕೆ ತಂದ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆ ಇವರ ಪ್ರೋತ್ಸಾಹದ ಇನ್ನೊಂದು ಫಲ.

ಸಂಸ್ಥಾನದ ವಿಲೀನ ಮತ್ತು ನಂತರ

ಮೆಡ್ಟ್ನರ್ ಕೃತಿಗಳ ಮುದ್ರಣ ನಡೆಯುತ್ತಿದ್ದ ವರ್ಷಗಳಲ್ಲೇ ಮೈಸೂರಿನ ರಾಜಪ್ರಭುತ್ವವೂ ಕೊನೆಗೊಳ್ಳುತ್ತಿತ್ತು. 1947ರ ಆಗಸ್ಟ್‌ನಲ್ಲಿ ಸಂಸ್ಥಾನ ಭಾರತ ಒಕ್ಕೂಟವನ್ನು ಸೇರಿತು. ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರ್‌ನಲ್ಲಿ ನಡೆದ 'ಮೈಸೂರು ಚಲೋ' ಚಳವಳಿಯ ಫಲವಾಗಿ ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರ ಸರ್ಕಾರ ಅಧಿಕಾರಕ್ಕೆ ಬಂದಿತು. ಅರಮನೆ ಸುಲಭವಾಗಿ ಮಣಿಯಿತೆನ್ನಲಾಗದು. ಆದರೆ ಅಧಿಕಾರ ಹೋದಮೇಲೆ ಜಯಚಾಮರಾಜರು ದೇಶಾಂತರ ಹೋಗಬೇಕಾಗಲಿಲ್ಲ. 1950ರಿಂದ ರಾಜಪ್ರಮುಖರಾಗಿದ್ದು, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದ ಮೊದಲ ರಾಜ್ಯಪಾಲರಾದರು. 1964ರಿಂದ 1966ರವರೆಗೆ ಮದ್ರಾಸಿನ ರಾಜ್ಯಪಾಲರಾಗಿದ್ದರು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ರಾಜಧನವನ್ನು ರದ್ದುಗೊಳಿಸಿತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರು ಅರಮನೆಯಲ್ಲಿ ನಿಧನರಾದರು.

ಧ್ವನಿಮುದ್ರಣಗಳ ಮುಂದಿನ ಕಥೆ

ಸ್ಟಾಲಿನ್ ಮರಣಾನಂತರ ರಷ್ಯಾದಲ್ಲಿ ಮೆಡ್ಟ್ನರ್ ಅವರನ್ನು ಮತ್ತೆ ಸ್ವೀಕರಿಸಲಾಯಿತು. ಅವರ ಪತ್ನಿ ಆನ್ನಾ ಮಾಸ್ಕೋಗೆ ಮರಳಿದರು. 1959ರಿಂದ 1963ರ ನಡುವೆ ಅಲ್ಲಿ 12 ಸಂಪುಟಗಳಲ್ಲಿ ಅವರ ಸಮಗ್ರ ಕೃತಿಗಳು ಪ್ರಕಟವಾದವು. ಅಂದರೆ ಈ ಮರುಸ್ವೀಕಾರ ಸೋವಿಯತ್ ಕಾಲದಲ್ಲಿಯೇ ಆರಂಭವಾಗಿತ್ತು.

ಕಮ್ಯುನಿಸ್ಟ್ ಆಡಳಿತಗಳ ಪತನವನ್ನು ಜಗತ್ತು ಹೆಚ್ಚಾಗಿ ಸಾಕ್ಷ್ಯಚಿತ್ರಗಳ ಮೂಲಕವೂ, 1990ರ ಜುಲೈ 21ರಂದು ಬರ್ಲಿನ್ ಗೋಡೆಯಿದ್ದ ಪ್ರದೇಶದಲ್ಲಿ ರೋಜರ್ ವಾಟರ್ಸ್ ನಡೆಸಿದಂತಹ ರಾಕ್ ಕಛೇರಿಗಳ ಮೂಲಕವೂ ಸ್ಮರಿಸುತ್ತದೆ. ಆ ಆಡಳಿತದ ಆರಂಭದಲ್ಲೇ ಊರು ಬಿಟ್ಟ ಮೆಡ್ಟ್ನರ್ ಅವರ ಸಂಗೀತ ಸದ್ದಿಲ್ಲದೆ ಮರಳಿತು. ಮೈಸೂರಿನ ಹಣದಿಂದ ತಯಾರಾದ ಮುದ್ರಿಕೆಗಳನ್ನು 1990ರ ದಶಕದಲ್ಲಿ ಬ್ರಿಟನ್ನಿನ ಟೆಸ್ಟಮೆಂಟ್ ಸಂಸ್ಥೆ ಸಿ.ಡಿ.ಗಳಾಗಿ ಮರುಬಿಡುಗಡೆ ಮಾಡಿದೆ.