ಪೀಪಾಯಿ ತಂದವನು ಯಾರ ಕಡೆ?

ಹೊರಗೆ ಎಲ್ಲಾದರೂ ಪುಕ್ಕಟೆ ವೈಫೈ ಬಳಸುವಾಗ ನಾನು ಎಸ್‌ಎಸ್‌ಎಚ್ ಸುರಂಗ ತೆರೆದುಕೊಳ್ಳುತ್ತೇನೆ. ಬ್ರೌಸರ್ ಕೇಳಿದ್ದೆಲ್ಲ ಗುಪ್ತಲಿಪಿಯಲ್ಲಿ ದೂರದ ಬಾಡಿಗೆ ಸರ್ವರ್‌ಗೆ ಹೋಗಿ, ಅಲ್ಲಿಂದ ಇಂಟರ್ನೆಟ್ಟಿಗೆ ಹೊರಡುತ್ತದೆ. ಸರಿಯಾಗಿ ಹೊಂದಿಸಿದ್ದರೆ, ಯಾವ ಸೈಟ್ ನೋಡ್ತಿದ್ದೀನಿ ಅನ್ನೋದು ವೈಫೈ ಕೊಟ್ಟವರಿಗೆ ಕಾಣಲ್ಲ. ನಿಶ್ಚಿಂತೆಯಿಂದ ಕೂರುವ ಹೊತ್ತಿಗೆ ನೆನಪಾಗುವುದು, ಇಂಥದ್ದೇ ಗುಪ್ತ ದಾರಿ ನಂಬಿ ಜೀವ ಕಳೆದುಕೊಂಡ ಸ್ಕಾಟ್ಲೆಂಡಿನ ರಾಣಿ ಮೇರಿ.

ಆಕೆ ಹುಟ್ಟಿದ್ದು 1542ರ ಡಿಸೆಂಬರ್‌ನಲ್ಲಿ. ಆರೇ ದಿನಕ್ಕೆ ಅಪ್ಪ ತೀರಿಕೊಂಡು, ತೊಟ್ಟಿಲಲ್ಲೇ ರಾಣಿಯಾದಳು. ಫ್ರಾನ್ಸಿನಲ್ಲಿ ಬೆಳೆದು, ಅಲ್ಲಿನ ಯುವರಾಜನನ್ನು ಮದುವೆಯಾಗಿ, 18 ತುಂಬುವ ಮೊದಲೇ ವಿಧವೆಯಾಗಿ 1561ರಲ್ಲಿ ತಾಯ್ನಾಡಿಗೆ ಮರಳಿದಳು. 1567ರಲ್ಲಿ ಅಲ್ಲಿನ ಸರದಾರರು ಸಿಂಹಾಸನದಿಂದ ಇಳಿಸಿದರು. ಮರುವರ್ಷ ಆಶ್ರಯ ಬೇಡಿ ಇಂಗ್ಲೆಂಡಿಗೆ ಬಂದರೆ, ಬಂಧುವೇ ಆಗಿದ್ದ ರಾಣಿ ಎಲಿಜಬೆತ್ ಕೊಟ್ಟಿದ್ದು ಸುಮಾರು 19 ವರ್ಷದ ಬಂಧನ.

ಕಾವಲಲ್ಲಿದ್ದವಳಿಗೆ ಹೊರಗಿನ ಪ್ರಪಂಚ ಅಂದ್ರೆ ಪತ್ರಗಳು. ಅವನ್ನು ಅಕ್ಷರಕ್ಕೊಂದು, ಕೆಲವು ಪದಕ್ಕೊಂದು ಚಿಹ್ನೆ ಇಟ್ಟು ಬರೆಸುತ್ತಿದ್ದಳು. 1586ರಲ್ಲಿ ಚಾರ್ಟ್ಲಿಯಲ್ಲಿದ್ದಾಗ ಹೊಸ ದಾರಿಯೊಂದು ಸಿಕ್ಕಿತು: ಬಿಯರ್ ಪೀಪಾಯಿಯಲ್ಲಿ ಬಚ್ಚಿಟ್ಟ ಪತ್ರ. ಕಾವಲಿನವರಿಗೆ ಬರೀ ಬಿಯರ್ ಕಾಣುತ್ತೆ ಅಂತ ಆಕೆ ನಂಬಿದಳು.

ಆದರೆ ಆ ದಾರಿ ಹಾಕಿಸಿದ್ದೇ ಎಲಿಜಬೆತ್‌ಳ ಮಂತ್ರಿ ವಾಲ್ಸಿಂಗ್‌ಹ್ಯಾಮ್. ಪತ್ರ ಸಾಗಿಸುತ್ತಿದ್ದ ಗಿಲ್ಬರ್ಟ್ ಗಿಫರ್ಡ್ ಆತನ ಗೂಢಚಾರ. ಬಿಯರ್ ತರುತ್ತಿದ್ದವನಿಗೂ ದುಡ್ಡು ಸಂದಿತ್ತು. ಥಾಮಸ್ ಫೆಲಿಪ್ಸ್ ಪತ್ರಗಳ ಲಿಪಿ ಬಿಡಿಸಿ ಓದುತ್ತಿದ್ದ. ಅವು ಮತ್ತೆ ಮೊಹರಾಗಿ ಮುಂದಕ್ಕೆ ಹೋಗುತ್ತಿದ್ದವು. ಎಲಿಜಬೆತ್‌ಳನ್ನು ಕೊಲ್ಲುವ ಸಂಚು ತಿಳಿಸಿದ ಬ್ಯಾಬಿಂಗ್ಟನ್‌ಗೆ ಆಕೆ ಜುಲೈನಲ್ಲಿ ಬರೆಸಿದ ಉತ್ತರವೇ ವಿಚಾರಣೆಯಲ್ಲಿ ಸಾಕ್ಷಿಯಾಯಿತು. 1587ರ ಫೆಬ್ರವರಿ 8ರಂದು ಫಾದರಿಂಗೇ ಕೋಟೆಯಲ್ಲಿ ತಲೆ ಕಡಿದರು. ಆಗ ವಯಸ್ಸು 44.

ನನ್ನ ಸುರಂಗದ ಲಿಪಿ ಮೇರಿಯದ್ದಕ್ಕಿಂತ ಎಷ್ಟೋ ಗಟ್ಟಿ. ಆದರೆ ಸುರಂಗ ಆ ಸರ್ವರ್‌ನಲ್ಲಿ ಮುಗಿಯುತ್ತೆ. ನಾನು ಎಲ್ಲಿಗೆ ಹೋದೆ ಅನ್ನೋದು ಅದನ್ನು ನಡೆಸುವವರಿಗೆ ಕಾಣಬಹುದು. ಎಚ್‌ಟಿಟಿಪಿಎಸ್ ಇಲ್ಲದ ಸೈಟಾದರೆ ಏನು ಓದಿದೆ, ಏನು ಬರೆದೆ ಅನ್ನೋದೂ ಕಾಣುತ್ತೆ. ಜೊತೆಗೆ ವಿಪಿಎನ್ ಕೊಡುವವರು, ಸರ್ವರ್ ಬಾಡಿಗೆ ಕೊಡುವವರು ಗ್ರಾಹಕರ ಹೆಸರು, ವಿಳಾಸ ಇತ್ಯಾದಿಯನ್ನು 5 ವರ್ಷ ಇಟ್ಟುಕೊಳ್ಳಬೇಕು ಅಂತ ನಮ್ಮ ಸರ್ಟ್-ಇನ್ 2022ರಲ್ಲೇ ಹೇಳಿದೆ.

ಸುರಂಗವೇ ಬೇಡ ಅಂತ ನಾನು ಹೇಳ್ತಿಲ್ಲ, ನಾನೂ ಬಿಟ್ಟಿಲ್ಲ. ಪುಕ್ಕಟೆ ವಿಪಿಎನ್ ಹಾಕಿಕೊಂಡು ನಿರಾಳವಾಗಿರೋ ಗೆಳೆಯರನ್ನು ಮಾತ್ರ ಒಂದು ಮಾತು ಕೇಳ್ತೀನಿ: ಪೀಪಾಯಿ ತರೋನು ಯಾರ ಕಡೆಯವನು, ವಿಚಾರಿಸಿದ್ದೀರಾ?